‘ಕಸೀಕೆ’: ಮರ್ಯಾದೆಯ ಮಾತೋ, ಬೈಗುಳವೋ?

ಪ್ರಶ್ನೆ: ನನ್ನ ಮಗ ಎರಡು ವರ್ಷದಿಂದ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಟಿ.ವಿ.ಯಲ್ಲಿ ಕಾಡಿನ ಜನರ ಹಿರಿಯರೊಬ್ಬರನ್ನು ಬಹಳ ಗೌರವದಿಂದ ‘ಕಸೀಕಿ’ ಎಂದು ಕರೆಯುತ್ತಾರಂತೆ. ಆದರೆ ಆಫೀಸಿನ ಮೀಟಿಂಗಿನಲ್ಲಿ ಯಾರೋ ‘ಇಲ್ಲಿ ಕಸೀಕಿಗಳೇ ಜಾಸ್ತಿ’ ಎಂದಾಗ ಎಲ್ಲರೂ ನಕ್ಕರಂತೆ. ಸ್ಪೇನಿನಲ್ಲಿರುವ ಅವನ ಗೆಳೆಯನೊಬ್ಬ, ನಮ್ಮ ಕಡೆ ಅದು ಬೈಗುಳ ಎನ್ನುತ್ತಾನೆ. ಇದು ಮರ್ಯಾದೆಯ ಪದವೋ, ಬೈಗುಳವೋ? ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಮೇಡಂ, ಹೆಚ್ಚುಕಡಿಮೆ ನಿಮ್ಮದೇ ಪ್ರಶ್ನೆ ಕೊಲಂಬಸ್‌ನಿಗೂ ಬಂದಿತ್ತು. 1492ರ ಡಿಸೆಂಬರ್‌ನಲ್ಲಿ ಅವನ ಹಡಗುಗಳು ಈಗಿನ ಹೈಟಿಯ ಉತ್ತರ ತೀರದಲ್ಲಿದ್ದವು. ಅಲ್ಲಿನ ಟೈನೊ ಜನ ತಮ್ಮ ದೊಡ್ಡವರನ್ನು ‘ಕಸೀಕೆ’ ಎನ್ನುತ್ತಿದ್ದರು. ಹಾಗೆಂದರೆ ರಾಜ ಎಂದೋ ಅಧಿಕಾರಿ ಎಂದೋ ಇಲ್ಲಿಯವರೆಗೂ ತಿಳಿಯಲಾಗಲಿಲ್ಲ ಎಂಬ ಮಾತು ಅವನ ಡಿಸೆಂಬರ್ 23ರ ದಿನಚರಿಯಲ್ಲಿದೆ. ‘ನಿತಾಯ್ನೊ’ ಎಂಬ ಇನ್ನೊಂದು ಪದವೂ ಕಿವಿಗೆ ಬಿದ್ದಿತ್ತು. ಅದು ಕುಲೀನನೋ, ಅಧಿಕಾರಿಯೋ, ನ್ಯಾಯಾಧೀಶನೋ, ಅದೂ ಗೊತ್ತಾಗಲಿಲ್ಲ. ಮೂಲ ದಿನಚರಿ ಈಗಿಲ್ಲ. ಲಾಸ್ ಕಾಸಾಸ್ ಎಂಬ ಪಾದ್ರಿ ಮಾಡಿಟ್ಟ ಸಂಗ್ರಹ ಮಾತ್ರ ಉಳಿದಿದೆ. ಅದಾಗಿ ಎರಡೇ ದಿನಕ್ಕೆ, ಕ್ರಿಸ್‌ಮಸ್ ರಾತ್ರಿ, ಸಾಂತಾ ಮರಿಯಾ ಹಡಗು ಮರಳುದಿಬ್ಬಕ್ಕೆ ಸಿಕ್ಕಿಕೊಂಡಿತು. ದೋಣಿಗಳನ್ನು ಕಳಿಸಿ ಸಾಮಾನೆಲ್ಲ ದಡ ಸೇರಿಸಿಕೊಟ್ಟವನು ಗ್ವಾಕನಗಾರಿ ಎಂಬ ಒಬ್ಬ ಕಸೀಕೆ. ಪದದ ಅರ್ಥ ತಿಳಿಯುವ ಮೊದಲೇ ಆ ಮನುಷ್ಯನಿಂದ ಕೆಲಸವಾಗಿತ್ತು. ಆಮೇಲಿನ ಐನೂರು ವರ್ಷ ಈ ಪದವನ್ನು ಬಳಸಿದವರಲ್ಲಿ ಬಹಳ ಮಂದಿಯ ಕಥೆ ಇಷ್ಟೇ. ಅರ್ಥ ಬೇಕಿರಲಿಲ್ಲ, ಕೆಲಸವಾದರೆ ಸಾಕಿತ್ತು.

ಉಚ್ಚಾರ ಮೊದಲು ಹೇಳಿಬಿಡುತ್ತೇನೆ. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷಿನಲ್ಲಿ ಕಸೀಕೆ. ಮ್ಯಾಡ್ರಿಡ್ ಕಡೆ ನಡುವಿನ ‘ಸೀ’ಯನ್ನು ನಾಲಿಗೆ ಹಲ್ಲಿಗೆ ತಾಗಿಸಿ ‘ಥೀ’ ಎನ್ನುವಂತೆ ಹೇಳುತ್ತಾರೆ. ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ ಕಸೀಕಿ. ನಿಮ್ಮ ಮಗ ಕೇಳಿಸಿಕೊಂಡಿದ್ದು ಸರಿಯಾಗಿಯೇ ಇದೆ.

ಟೈನೊ ಜನರಲ್ಲಿ ಕಸೀಕೆ ಎಂದರೆ ಕಿರೀಟ ಇಟ್ಟುಕೊಂಡ ರಾಜನಲ್ಲ. ಒಂದು ಊರಿನ ಅಥವಾ ಹತ್ತಾರು ಊರುಗಳ ಯಜಮಾನ. ಬೆಳೆದದ್ದನ್ನು ಹಂಚುವುದು, ಹಬ್ಬಕ್ಕೆ ಜನ ಸೇರಿಸುವುದು, ದೇವರನ್ನು ಕೇಳಿ ಹೇಳುವುದು ಅವನ ಕೆಲಸ. ಅವನು ಕೂರುತ್ತಿದ್ದುದು ‘ದುಹೊ’ ಎಂಬ ಮಣೆಯ ಮೇಲೆ. ನಮ್ಮ ಊಟದ ಮಣೆಗಿಂತ ಸ್ವಲ್ಪ ಎತ್ತರ, ನಾಲ್ಕು ಗಿಡ್ಡ ಕಾಲು, ಒಂದೇ ಮರದ ತುಂಡಿನಲ್ಲಿ ಕೆತ್ತಿದ್ದು, ಮುಂದುಗಡೆ ಕಣ್ಣು ಬಿಟ್ಟ ಮುಖ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ದುಹೊದ ಕಣ್ಣು, ಬಾಯಿಗೆ ಚಿನ್ನದ ತಗಡು ಕೂರಿಸಿದ್ದಾರೆ. ಅಧಿಕಾರ ಎಷ್ಟೋ ಕಡೆ ತಾಯಿಯ ಕಡೆಯಿಂದ, ಅಕ್ಕತಂಗಿಯರ ಮಕ್ಕಳಿಗೆ ಇಳಿಯುತ್ತಿತ್ತು. ತುಳುನಾಡಿನ ಅಳಿಯಕಟ್ಟು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಣ್ಣು ಕಸೀಕೆಯರೂ ಇದ್ದರು. ಅವರಲ್ಲಿ ಹೆಸರಾದವಳು ಕೊಲಂಬಸ್ ಕಂಡ ಅದೇ ದ್ವೀಪದ ಪಶ್ಚಿಮದ ಹರಾಗ್ವಾ ಸೀಮೆಯ ಅನಕಾಓನಾ. ಹಾಡು ಕಟ್ಟುತ್ತಿದ್ದಳು ಎಂದು ಸ್ಪ್ಯಾನಿಷ್ ಬರಹಗಾರರೇ ಹೊಗಳಿದ್ದಾರೆ. ಸ್ಪೇನಿನ ರಾಜ್ಯಪಾಲ ಒವಾಂಡೊನನ್ನು ಬರಮಾಡಿಕೊಂಡು ಹಬ್ಬದೂಟ ಹಾಕಿಸಿದಳು. ಅವನು ಅವಳ ಕಡೆಯ ಹಿರಿಯರನ್ನೆಲ್ಲ ಮನೆಯೊಳಗೆ ಸೇರಿಸಿ ಬೆಂಕಿ ಇಡಿಸಿದ. ಅವಳನ್ನು ಆಮೇಲೆ ಗಲ್ಲಿಗೇರಿಸಿದರು.

ಕೆಲವೇ ದಶಕಗಳಲ್ಲಿ ಟೈನೊ ಜನರಲ್ಲಿ ಬಹುಪಾಲು ಮಂದಿ ರೋಗಕ್ಕೆ, ದುಡಿತಕ್ಕೆ, ಕತ್ತಿಗೆ ಬಲಿಯಾದರು. ಮಾತುಗಳು ಮಾತ್ರ ಹಡಗು ಹತ್ತಿದವು. ಕನೂ, ಹ್ಯಾಮಕ್, ಬಾರ್ಬೆಕ್ಯೂ, ಹರಿಕೇನ್ ಎಂದು ನಾವಿಂದು ಹೇಳುವುದೆಲ್ಲ ಆ ದ್ವೀಪಗಳ ಮಾತಿನಿಂದ ಬಂದದ್ದು. ಅವುಗಳ ಜೊತೆ ಕಸೀಕೆಯೂ ಹೊರಟಿತು.

ಪದ ಹಾದಿ ತಪ್ಪಿದ್ದು ಇಲ್ಲಿ. ಸ್ಪ್ಯಾನಿಯಾರ್ಡರು ಕೆರಿಬಿಯನ್ನಿನಲ್ಲಿ ಕಲಿತ ಈ ಮಾತನ್ನು ಖಂಡಕ್ಕೆ ಒಯ್ದು ಕಂಡಕಂಡವರಿಗೆಲ್ಲ ಹಚ್ಚಿದರು. ಮೆಕ್ಸಿಕೋದ ನಾವಾ ಜನರಿಗೆ ತಮ್ಮದೇ ‘ತ್ಲಾತೊಆನಿ’ ಇದ್ದ. ಆ ಪದಕ್ಕೆ ಮಾತಾಡುವವನು ಎಂದರ್ಥ. ಆಂಡಿಸ್ ಪರ್ವತದ ಜನರಿಗೆ ‘ಕುರಾಕ’ ಇದ್ದ. ಚಿಲಿಯ ಮಾಪುಚೆ ಜನರಿಗೆ ‘ಲೊಂಕೊ’. ಅಕ್ಷರಶಃ ತಲೆ, ನಾವು ಹಿಂದೆ ತಲೆಯಾಳು ಎನ್ನುತ್ತಿದ್ದ ಹಾಗೆ. ಮೂವರಿಗೂ ಒಂದೇ ಪಟ್ಟಿ, ಕಸೀಕೆ. ಇದು ಬರೀ ಸೋಮಾರಿತನವಲ್ಲ, ಲೆಕ್ಕಾಚಾರವೂ ಇತ್ತು. ಈ ಮುಖ್ಯಸ್ಥರು ತಮ್ಮನ್ನು ‘ಊರಿನ ಒಡೆಯರು’ ಎಂದು ಕರೆದುಕೊಳ್ಳಕೂಡದು, ಕಸೀಕೆ ಅಥವಾ ಪ್ರಮುಖ ಎನ್ನಬೇಕಷ್ಟೆ ಎಂದು 1538ರಲ್ಲಿ ಸ್ಪೇನಿನ ರಾಜಾಜ್ಞೆಯೇ ಹೊರಟಿತು. ಒಡೆಯ ಒಬ್ಬನೇ, ಅವನು ಸ್ಪೇನಿನಲ್ಲಿದ್ದಾನೆ. ಇಲ್ಲಿರುವವನು ಅವನ ಕೈಕೆಳಗಿನವನು.

ಹೀಗೆ ಕಸೀಕೆ ನಡುವಿನ ಮನುಷ್ಯನಾದ. ತಾನು ಕಪ್ಪ ಕೊಡಬೇಕಿಲ್ಲ, ಆದರೆ ಊರಿನವರಿಂದ ಎತ್ತಿ ಕೊಡಬೇಕು. ತಾನು ಗಣಿಗೆ ಹೋಗಬೇಕಿಲ್ಲ, ಆದರೆ ಇಷ್ಟು ಆಳು ಎಂದು ಲೆಕ್ಕ ಒಪ್ಪಿಸಬೇಕು. ಹೆಸರಿಗೆ ಮೊದಲು ‘ದೊನ್’ ಎಂಬ ಗೌರವಪದ ಹಚ್ಚಿಕೊಳ್ಳಬಹುದು, ಅನುಮತಿ ಸಿಕ್ಕರೆ ಕುದುರೆ ಏರಬಹುದು. ವಸೂಲಿ ಕಡಿಮೆಯಾದರೆ ಜೈಲಿಗೂ ಅವನೇ ಹೋಗಬೇಕು. ನಿಮ್ಮ ತಲೆಮಾರಿನವರಿಗೆ ಈ ಮನುಷ್ಯನ ಗುರುತು ಸಿಕ್ಕೇ ಸಿಗುತ್ತದೆ: ಊರಗೌಡ, ಪಟೇಲ. ಶಾಸನಗಳ ಗಾವುಂಡ ಗೌಡನಾಗಿ, ಸರ್ಕಾರಕ್ಕೂ ರೈತನಿಗೂ ನಡುವೆ ಕಂದಾಯದ ಕೊಂಡಿಯಾಗಿ ನಿಂತದ್ದು ಇದೇ ಬಗೆ. ಮೇಲಿನವರ ಕಣ್ಣಿಗೆ ಊರಿನ ಪ್ರತಿನಿಧಿ, ಊರಿನವರ ಕಣ್ಣಿಗೆ ಸರ್ಕಾರದ ಕೈ. ಇಂಥವನ ಹೆಸರು ಗೌರವಕ್ಕೂ ಬೈಗುಳಕ್ಕೂ ಎರಡಕ್ಕೂ ಒಗ್ಗುತ್ತದೆ. ಮುಂದೆ ಆದದ್ದೆಲ್ಲ ಇದರ ಫಲ ಎಂಬುದು ನನ್ನ ಅಭಿಪ್ರಾಯ.

ನಡುವಿನವನು ತಿರುಗಿ ಬಿದ್ದದ್ದೂ ಉಂಟು. ಪೆರುವಿನ ಕುಸ್ಕೊ ಸೀಮೆಯ ಮೂರು ಊರುಗಳ ಕಸೀಕೆಯಾಗಿದ್ದ ಹೊಸೆ ಗಾಬ್ರಿಯೆಲ್ ಕೊಂಡೊರ್ಕಾಂಕಿ 1780ರಲ್ಲಿ ಎರಡನೇ ತುಪಾಕ್ ಅಮಾರು ಎಂಬ ಹೆಸರಿನಲ್ಲಿ ದಂಗೆ ಎದ್ದ. 1781ರ ಮೇ ತಿಂಗಳಲ್ಲಿ ಅವನನ್ನು ಕುಸ್ಕೊದ ಚೌಕದಲ್ಲಿ ಕೊಂದ ಮೇಲೆ ಸ್ಪೇನ್ ಈ ಹುದ್ದೆಯನ್ನೇ ಅನುಮಾನದಿಂದ ನೋಡತೊಡಗಿತು. ಸ್ವಾತಂತ್ರ್ಯ ತಂದ ಬೊಲಿವಾರ್ 1825ರ ಜುಲೈನಲ್ಲಿ ಅದೇ ಕುಸ್ಕೊದಲ್ಲಿ ಕೂತು, ಕಸೀಕೆ ಎಂಬ ಬಿರುದೂ ಅಧಿಕಾರವೂ ರದ್ದು ಎಂದು ಆಜ್ಞೆ ಹೊರಡಿಸಿದ. ನಮ್ಮಲ್ಲಿ ಪಟೇಲಿಕೆ, ಶಾನುಭೋಗಿಕೆ ಹೋದದ್ದು 1961ರ ಕಾಯ್ದೆಯಿಂದ, ಅದು ಜಾರಿಗೆ ಬಂದ 1963ರಲ್ಲಿ. ಹುದ್ದೆ ಹೋದರೂ ಹೆಸರು ಎಲ್ಲಿಗೂ ಹೋಗಲಿಲ್ಲ. ಅಲ್ಲಿಯೂ ಅಷ್ಟೇ.

ಇಂಗ್ಲಿಷರೂ ಈ ಪದಕ್ಕೆ ಕೈ ಹಾಕಿದ್ದರು. 1669ರಲ್ಲಿ ಉತ್ತರ ಅಮೆರಿಕದ ತಮ್ಮ ಕರೊಲೈನಾ ವಸಾಹತಿಗೆ ಒಂದು ಸಂವಿಧಾನ ಬರೆದಾಗ ಹೊಸ ಕುಲೀನ ವರ್ಗವನ್ನೇ ಹುಟ್ಟಿಸಿದರು. ಮೇಲಿನ ದರ್ಜೆಗೆ ಜರ್ಮನಿಯಿಂದ ತಂದ ‘ಲ್ಯಾಂಡ್‌ಗ್ರೇವ್’, ಕೆಳಗಿನದಕ್ಕೆ ‘ಕಸೀಕ್’. ಒಬ್ಬ ಕಸೀಕನಿಗೆ 24,000 ಎಕರೆ. ಕಾಡು ಕಡಿದು ಬದುಕು ಕಟ್ಟುತ್ತಿದ್ದ ಬಿಳಿಯ ಜಮೀನುದಾರನಿಗೆ ಟೈನೊ ಬಿರುದು!

ಆದರೆ ನನಗೆ ಇವರೆಲ್ಲರಿಗಿಂತ ಮಜವೆನಿಸುವವನು, ಮಜ ಎನ್ನಲು ಸಂಕೋಚವೂ ಆಗುವವನು, ಗ್ರೆಗರ್ ಮ್ಯಾಕ್‌ಗ್ರೆಗರ್. ಸ್ಕಾಟ್ಲೆಂಡಿನ ಸೈನಿಕ, ವೆನೆಜುವೆಲಾದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವನು. 1821ರಲ್ಲಿ ಲಂಡನ್ನಿಗೆ ಬಂದು, ತಾನು ‘ಪೊಯೈಸ್’ ದೇಶದ ಕಸೀಕ್ ಎಂದು ಹೇಳಿಕೊಂಡ. ಅವನ ಕೈಯಲ್ಲಿದ್ದುದು ಈಗಿನ ಹೊಂಡುರಾಸ್ ತೀರದ ಮಸ್ಕಿಟೊ ಎಂಬ ಜನರ ರಾಜ ಬರೆದುಕೊಟ್ಟ ಜವುಗು ಕಾಡಿನ ಪತ್ರ ಅಷ್ಟೆ. ಲಂಡನ್ನಿನಲ್ಲಿ ಅದಕ್ಕೆ ರಾಜಧಾನಿ ಹುಟ್ಟಿತು, ನಾಟಕಶಾಲೆ ಹುಟ್ಟಿತು, ಬ್ಯಾಂಕ್ ಹುಟ್ಟಿತು, ಸ್ಕಾಟ್ಲೆಂಡಿನಲ್ಲಿ ಅಚ್ಚು ಹಾಕಿದ ನೋಟುಗಳೂ ಬಂದವು. 1822ರಲ್ಲಿ ಎರಡು ಲಕ್ಷ ಪೌಂಡಿನ ಸಾಲಪತ್ರ ಮಾರಾಟಕ್ಕಿಟ್ಟ. ಸುಮಾರು 250 ಜನ ಕೈಯಲ್ಲಿದ್ದ ಅಸಲಿ ದುಡ್ಡು ಕೊಟ್ಟು ಪೊಯೈಸ್ ನೋಟು ಪಡೆದು ಎರಡು ಹಡಗುಗಳಲ್ಲಿ ಹೊರಟರು. ಅವರಲ್ಲೊಬ್ಬ ಜೋಡು ಹೊಲಿಯುವವನಿಗೆ ಪೊಯೈಸ್ ರಾಜಕುಮಾರಿಯ ಅರಮನೆಯಲ್ಲೇ ಕೆಲಸದ ಭರವಸೆ ಸಿಕ್ಕಿತ್ತು. ಇಳಿದು ನೋಡಿದರೆ ಅರಮನೆಯೂ ಇಲ್ಲ, ರಸ್ತೆಯೂ ಇಲ್ಲ, ಬರೀ ಸೊಳ್ಳೆ. ಅರ್ಧಕ್ಕೂ ಹೆಚ್ಚು ಜನ ಜ್ವರ, ಹಸಿವಿನಿಂದ ಸತ್ತರು. ಆ ಜೋಡು ಹೊಲಿಯುವವನು ಗುಂಡು ಹಾರಿಸಿಕೊಂಡ. ರಾಜ ಎಂದಿದ್ದರೆ ಯಾವ ವಂಶ ಎಂದು ಯಾರಾದರೂ ಕೇಳುತ್ತಿದ್ದರೋ ಏನೋ. ಕಸೀಕ್ ಎಂದಾಗ ಏನು ಕೇಳಬೇಕೆಂದೇ ಯಾರಿಗೂ ತೋಚಲಿಲ್ಲ.

ಇನ್ನು ಸ್ಪೇನಿನ ಗೆಳೆಯನ ಮಾತಿಗೆ ಬರುತ್ತೇನೆ. ಅವನು ಹೇಳಿದ್ದು ಸರಿ. ಅಮೆರಿಕಕ್ಕೆ ಹೋದ ಸ್ಪ್ಯಾನಿಯಾರ್ಡರು ಕಲಿತ ಪದ ತಿರುಗಿ ಮನೆಗೆ ಬಂದು, ಅಲ್ಲಿನ ಹಳ್ಳಿಯ ದೊಡ್ಡ ಕುಳಕ್ಕೇ ಅಂಟಿಕೊಂಡಿತು. ಈ ಕುಳಗಳ ಉಚ್ಛ್ರಾಯ ಕಾಲ 1874ರಿಂದ 1923ರವರೆಗೆ. ಕ್ಯಾನೊವಾಸ್‌ನ ಕನ್ಸರ್ವೇಟಿವ್ ಪಕ್ಷ, ಸಗಾಸ್ತಾನ ಲಿಬರಲ್ ಪಕ್ಷ, ಎರಡೂ ಮಾತಾಡಿಕೊಂಡು ಸರದಿಯಲ್ಲಿ ಅಧಿಕಾರಕ್ಕೆ ಬರುತ್ತಿದ್ದವು. ಮೊದಲು ಸರ್ಕಾರ ಬದಲಾಗುತ್ತಿತ್ತು, ಆಮೇಲೆ ಅದಕ್ಕೆ ಬಹುಮತ ಕೊಡಲು ಚುನಾವಣೆ ನಡೆಯುತ್ತಿತ್ತು. ಯಾವ ಕ್ಷೇತ್ರಕ್ಕೆ ಯಾರು ಗೆಲ್ಲಬೇಕೆಂದು ಮ್ಯಾಡ್ರಿಡ್‌ನ ಗೃಹ ಇಲಾಖೆಯಲ್ಲಿ ಚೌಕಗಳನ್ನು ಎಳೆದ ಪಟ್ಟಿ ತಯಾರಾಗುತ್ತಿತ್ತು. ಅದರ ಹೆಸರು ‘ಎನ್‌ಕಸಿಯಾದೊ’, ಚೌಕ ತುಂಬುವುದು. ಅದನ್ನು ಹಳ್ಳಿಯಲ್ಲಿ ನಿಜ ಮಾಡಿ ತೋರಿಸುವವನೇ ಕಸೀಕೆ. ಯಾರ ಮಗನಿಗೆ ಸೈನ್ಯದಿಂದ ವಿನಾಯಿತಿ, ಯಾರ ಹೊಲಕ್ಕೆ ತೆರಿಗೆ ಕಡಿಮೆ, ಯಾರಿಗೆ ಅಂಚೆಕಚೇರಿಯಲ್ಲಿ ಕೆಲಸ, ಎಲ್ಲ ಅವನ ಬಾಯಿಮಾತು. ಎಷ್ಟೋ ಸಲ ಅವನಿಗೆ ಯಾವ ಹುದ್ದೆಯೂ ಇರುತ್ತಿರಲಿಲ್ಲ.

1890ರಲ್ಲಿ 25 ವರ್ಷ ದಾಟಿದ ಗಂಡಸರಿಗೆಲ್ಲ ಮತದ ಹಕ್ಕು ಬಂದಾಗಲೂ ಇದು ನಿಲ್ಲಲಿಲ್ಲ. ಕಳ್ಳವೋಟಿಗೆ ಅವರ ಪದ ‘ಪುಚೆರಾಸೊ’. ಪುಚೆರೊ ಎಂದರೆ ಅಡುಗೆ ಗಡಿಗೆ. ಮತಚೀಟಿಗಳನ್ನು ಗಡಿಗೆಯಲ್ಲಿ ತುಂಬಿಟ್ಟು, ಬೇಕಾದಾಗ ಬೇಕಾದಷ್ಟು ಸುರಿಯುತ್ತಿದ್ದುದರಿಂದ ಈ ಗಡಿಗೆ ಏಟು. ಸತ್ತವರ ಹೆಸರಿನಲ್ಲಿ ಬೀಳುವ ಮತಕ್ಕೆ ‘ಲಾಸಾರೊ’ ಎನ್ನುತ್ತಿದ್ದರು, ಬೈಬಲ್ಲಿನಲ್ಲಿ ಗೋರಿಯಿಂದ ಎದ್ದು ಬಂದ ಲಾಜರನ ನೆನಪಿಗೆ. 1901ರಲ್ಲಿ ಹೋಕಿನ್ ಕೋಸ್ತಾ ಎಂಬ ಚಿಂತಕ ಮ್ಯಾಡ್ರಿಡ್‌ನ ಅಟೆನೆಯೊ ಸಂಸ್ಥೆಯಲ್ಲಿ ಇದನ್ನು ಬಹಿರಂಗ ವಿಚಾರಣೆಗೆ ಎಳೆದಾಗ, ದೇಶದ ನಿಜವಾದ ಆಡಳಿತ ಪದ್ಧತಿಯೇ ‘ಕಸೀಕಿಸ್ಮೊ’ ಎಂದ. ಅಲ್ಲಿಂದ ಪದ ಮರಿ ಹಾಕಿತು. ದಬ್ಬಾಳಿಕೆಯ ಒಂದು ಕೃತ್ಯಕ್ಕೆ ಕಸೀಕಾದಾ, ಹಾಗೆ ಮೆರೆಯುವುದಕ್ಕೆ ಕಸೀಕೆಆರ್. ಇಂದಿಗೂ ಸ್ಪೇನಿನ ಪತ್ರಿಕೆಯಲ್ಲಿ ಒಬ್ಬ ಮೇಯರ್‌ನನ್ನು ಕಸೀಕೆ ಎಂದರೆ ಅವನು ಮಾನನಷ್ಟದ ಮಾತೆತ್ತುವಷ್ಟು ಖಾರ ಅದರಲ್ಲಿದೆ.

ಇದರಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ಹೊಸದಾಗಿ ಅನುವಾದಕ್ಕೆ ಇಳಿದಿದ್ದ ದಿನಗಳಲ್ಲಿ ಸ್ಪೇನಿನ ಗಲೀಸಿಯಾ ಪ್ರಾಂತ್ಯದ ಒಂದು ಹಳ್ಳಿಯ ವರದಿಯನ್ನು ಕನ್ನಡಕ್ಕೆ ತಂದೆ. ನಿಘಂಟು ನೋಡಿ, ಮೊದಲ ಅರ್ಥವನ್ನೇ ನಂಬಿ, ‘ಊರಿನ ಬುಡಕಟ್ಟು ನಾಯಕ ರಸ್ತೆ ಗುತ್ತಿಗೆಯನ್ನು ತಮ್ಮನಿಗೆ ಕೊಡಿಸಿದ’ ಎಂದು ಬರೆದಿದ್ದೆ. ಸಂಪಾದಕರು ಫೋನ್ ಮಾಡಿ, ‘ಅಲ್ರೀ, ಸ್ಪೇನಲ್ಲಿ ಬುಡಕಟ್ಟು ಎಲ್ಲಿಂದ ಬಂತು?’ ಎಂದರು. ‘ಪಾಳೇಗಾರ’ ಎಂದು ತಿದ್ದಿದ್ದು ಅವರೇ. ಈಗ ಯೋಚಿಸಿದರೆ ಅದಕ್ಕಿಂತ ಒಳ್ಳೆಯ ಪದ ಇಲ್ಲ. ಪಾಳೇಗಾರ ಎಂದರೆ ಒಂದು ಕಾಲಕ್ಕೆ ಪಾಳೆಯ ಕಟ್ಟಿದ ನಿಜವಾದ ಅಧಿಪತಿ. ಚಿತ್ರದುರ್ಗದವರು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅದೇ ‘ಪಾಳೇಗಾರಿಕೆ ಧೋರಣೆ’ ಎಂದು ಪತ್ರಿಕೆಯಲ್ಲಿ ಬಂದರೆ ಯಾವ ಶಾಸಕನೂ ಖುಷಿಪಡುವುದಿಲ್ಲ.

ಮೆಕ್ಸಿಕೋ, ಫಿಲಿಪ್ಪೀನ್ಸ್‌ಗಳಲ್ಲೂ ರಾಜಕೀಯದ ಅರ್ಥ ಇದೇ: ಜಮೀನು, ಜನ, ವೋಟು ಮೂರನ್ನೂ ಕಿಸೆಯಲ್ಲಿಟ್ಟುಕೊಂಡ ಸ್ಥಳೀಯ ಧಣಿ. ಆದರೆ ಮೆಕ್ಸಿಕೋದಿಂದ ಗಡಿ ದಾಟಿ ಅಮೆರಿಕದ ನ್ಯೂ ಮೆಕ್ಸಿಕೋಗೆ ಹೋದರೆ ಪದದ ಬಣ್ಣವೇ ಬೇರೆ. ಅಲ್ಲಿನ ಪ್ವೆಬ್ಲೊ ಎಂಬ ಮೂಲನಿವಾಸಿ ಜನರ ಎಷ್ಟೋ ಊರುಗಳಲ್ಲಿ ಕಸೀಕೆ ಎಂದರೆ ಧರ್ಮದ ಹಿರಿಯ. ಹೊರಗಿನ ಸರ್ಕಾರದ ಜೊತೆ ವ್ಯವಹಾರ ಮಾಡುವವನು ಗವರ್ನರ್; ಅವನ ಕೈಯಲ್ಲಿ ಲಿಂಕನ್ ಅಧ್ಯಕ್ಷನಾಗಿದ್ದಾಗ ಕೊಟ್ಟ ಬೆಳ್ಳಿ ಹಿಡಿಯ ಬೆತ್ತ ಇರುತ್ತದೆ. ಕಸೀಕೆ ಹೊರಗೆ ಕಾಣಿಸಿಕೊಳ್ಳುವುದೇ ಅಪರೂಪ. ಸ್ಪೇನಿನಲ್ಲಿ ತೆರೆಮರೆಯಲ್ಲಿ ವೋಟು ಎಣಿಸುತ್ತಿದ್ದವನ ಹೆಸರು ಇಲ್ಲಿ ತೆರೆಮರೆಯಲ್ಲಿ ವ್ರತ ಹಿಡಿಯುವವನದ್ದು. ಅವರ ಭಾಷೆಗಳಲ್ಲಿ ಆ ಸ್ಥಾನಕ್ಕೆ ಬೇರೆ ಹೆಸರಿದೆ. ಹೊರಗಿನವರ ಮುಂದೆ ಕಸೀಕೆ ಎಂದು ಹೇಳಿ, ಒಳಗಿನ ಹೆಸರನ್ನು ಒಳಗೇ ಇಟ್ಟುಕೊಂಡಿದ್ದಾರೆ. ಜಾಣತನ!

ಬ್ರೆಜಿಲ್‌ನಲ್ಲಿ ಎರಡೂ ಅರ್ಥ ಒಂದೇ ದಿನದ ಪತ್ರಿಕೆಯಲ್ಲಿ ಸಿಗುತ್ತವೆ. ತೂಪಿ ಎಂಬ ಆದಿವಾಸಿ ಭಾಷೆಯ ಮೂಲದ ‘ತುಶಾವಾ’ ಎಂಬ ಪದ ಅಮೆಜಾನ್ ಕಡೆ ಈಗಲೂ ಇದ್ದರೂ, ಆದಿವಾಸಿ ಊರುಗಳು ತಮ್ಮ ಮುಖ್ಯಸ್ಥರಿಗೆ ಸಾಮಾನ್ಯವಾಗಿ ಕಸೀಕಿ ಎನ್ನುತ್ತವೆ. ಕೆರಿಬಿಯನ್ನಿನ ಪದವನ್ನು ಸ್ಪ್ಯಾನಿಯಾರ್ಡರು ಹರಡಿ, ಪೋರ್ಚುಗೀಸರು ಎರವಲು ತಂದು ಹೊರಗಿಂದ ಹಚ್ಚಿದ್ದನ್ನು ಇವರು ತಮ್ಮದನ್ನಾಗಿ ಮಾಡಿಕೊಂಡರು. ನಿಮ್ಮ ಮಗ ಟಿ.ವಿ.ಯಲ್ಲಿ ನೋಡಿದ್ದು ಬಹುಶಃ ಕಯಾಪೊ ಜನರ ರಾವೊನಿಯವರನ್ನು. ಕೆಳತುಟಿಯಲ್ಲಿ ಮರದ ಬಿಲ್ಲೆ, ತಲೆಗೆ ಹಳದಿ ಗರಿ. 2023ರ ಜನವರಿ 1ರಂದು ಅಧ್ಯಕ್ಷ ಲೂಲಾ ಅಧಿಕಾರ ವಹಿಸಿಕೊಂಡಾಗ ಜೊತೆಯಲ್ಲಿ ಅರಮನೆಯ ಇಳಿಜಾರು ಹತ್ತಿದವರು ಅವರು. ಅವರಿಗಿಂತ ಮೊದಲು ಶವಾಂಚೆ ಜನರ ಕಸೀಕಿ ಮಾರಿಯೊ ಜುರೂನಾ ಇದ್ದರು. 1982ರಲ್ಲಿ ರಿಯೊದಿಂದ ಗೆದ್ದು ಬ್ರೆಜಿಲ್ ಸಂಸತ್ತಿಗೆ ಹೋದ ಮೊದಲ ಆದಿವಾಸಿ. ಅಧಿಕಾರಿಗಳ ಕಚೇರಿಗೆ ಹೋಗುವಾಗ ಟೇಪ್‌ರೆಕಾರ್ಡರ್ ಒಯ್ಯುತ್ತಿದ್ದರು, ಬಿಳಿಯರ ಭರವಸೆಗಳನ್ನು ಹಿಡಿದಿಟ್ಟುಕೊಳ್ಳಲು. ಅದೇ ಸಂಸತ್ತಿನ ವರದಿಯಲ್ಲಿ ‘ಪಕ್ಷದ ಕಸೀಕಿಗಳು’ ಎಂದು ಬಂದರೆ ಟಿಕೆಟ್ ಹಂಚುವ ಘಟಾನುಘಟಿಗಳು ಎಂದರ್ಥ. ಅಷ್ಟು ಬೈಗುಳವೇನಲ್ಲ, ಸ್ವಲ್ಪ ಚುಚ್ಚು.

ಮೀಟಿಂಗಿನಲ್ಲಿ ನಗಿಸಿದ್ದು ಒಂದು ಗಾದೆ: ಕಸೀಕಿ ಬಹಳ, ಇಂಡಿಯನ್ ಕಡಿಮೆ. ಇಲ್ಲಿ ಇಂಡಿಯನ್ ಎಂದರೆ ನಮ್ಮವರಲ್ಲ, ಅಲ್ಲಿನ ಆದಿವಾಸಿ. ನಮ್ಮಲ್ಲಿ ಇದಕ್ಕೆ ಇನ್ನೂ ಚೆಂದದ ಮಾತಿದೆ, ‘ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರಾರು?’ ಮಗನಿಗೆ ಒಂದು ಕಿವಿಮಾತು ಹೇಳಿ. ಈ ಗಾದೆಯಲ್ಲಿ ಈಗ ಚುಚ್ಚುವುದು ಕಸೀಕಿ ಎಂಬ ಮಾತಲ್ಲ, ‘ಇಂಡಿಯನ್’ ಎಂಬ ಮಾತು. ಅಲ್ಲಿ ಏಪ್ರಿಲ್ 19ರ ‘ಇಂಡಿಯನ್ ದಿನ’ವನ್ನು 2022ರಲ್ಲಿ ಕಾನೂನು ಮಾಡಿ ‘ಮೂಲನಿವಾಸಿ ಜನಗಳ ದಿನ’ ಎಂದು ಬದಲಿಸಿದ್ದಾರೆ. ಕೇಳಿ ನಗುವುದು ಬೇರೆ, ಪರದೇಶದಿಂದ ಬಂದವನು ತಾನೇ ಆ ಗಾದೆ ಹೇಳುವುದು ಬೇರೆ. ಇನ್ನು ಯಾರನ್ನಾದರೂ ನೇರವಾಗಿ ಹಾಗೆ ಕರೆಯಬೇಕಾದರೆ, ಆದಿವಾಸಿ ಮುಖ್ಯಸ್ಥರ ಹೆಸರಿನ ಹಿಂದೆ ಕಸೀಕಿ ಸೇರಿಸುವುದು ಮರ್ಯಾದೆ. ಮ್ಯಾನೇಜರ್‌ಗೆ ಹೇಳಿದರೆ ತರಲೆ. ಸ್ಪೇನಿಗೆ ಹೋದಾಗ ಬಾಯಿ ಬಿಡದಿರುವುದು ಲೇಸು.

ಕನ್ನಡದಲ್ಲಿ ಏನನ್ನಬೇಕು ಎಂಬುದಕ್ಕೆ ಒಂದೇ ಪದ ಹುಡುಕಬೇಡಿ. ರಾವೊನಿಯವರಿಗಾದರೆ ‘ಯಜಮಾನ’ ನನಗೆ ಹಿಡಿಸುತ್ತದೆ, ಎಚ್.ಡಿ. ಕೋಟೆ, ಕೊಡಗಿನ ಹಾಡಿಗಳಲ್ಲಿ ಬಾಯಲ್ಲಿರುವ ಮಾತದು. ‘ನಾಯಕ’ ಎಂದರೆ ಕ್ರಿಕೆಟ್ ತಂಡದಿಂದ ಸಿನಿಮಾದವರೆಗೆ ಎಲ್ಲ ಕಡೆ ಹರಡಿ ತೆಳ್ಳಗಾಗಿದೆ. ಸ್ಪೇನಿನವನಿಗೆ ಪಾಳೇಗಾರ. ಪಕ್ಷದವರಿಗೆ ಘಟಾನುಘಟಿ. ಇತಿಹಾಸದ ಟೈನೊ ಜನರ ಬಗ್ಗೆ ಬರೆಯುವಾಗ ಕಸೀಕೆ ಎಂದೇ ಇಡಿ. ಅದು ಅವರದೇ ಪದ. ಕೆರಿಬಿಯನ್ನಿನ ಪೋರ್ಟೊ ರಿಕೊ ದ್ವೀಪದಲ್ಲಿ ಟೈನೊ ಗುರುತನ್ನು ಮತ್ತೆ ಎತ್ತಿಹಿಡಿಯುತ್ತಿರುವವರು ಸ್ಪ್ಯಾನಿಷ್ ಕಾಗುಣಿತವನ್ನೂ ಬಿಟ್ಟು ‘ಕೆ’ ಅಕ್ಷರದಿಂದ ಶುರುಮಾಡಿ ಬರೆಯುತ್ತಾರೆ.

ಉಳಿದ ಬಳಕೆಗಳು ನಿಮ್ಮ ಮಗನಿಗೆ ಅಲ್ಲಲ್ಲಿ ಎದುರಾಗುತ್ತವೆ. ವೆನೆಜುವೆಲಾದ ಒಂದು ರಮ್, ಕೋಸ್ಟರಿಕಾದ ಸರ್ಕಾರಿ ಕಾರ್ಖಾನೆಯ ಕಬ್ಬಿನ ಸಾರಾಯಿ, ಎರಡರ ಬಾಟಲಿ ಮೇಲೂ ಇದೇ ಹೆಸರು. 1925ರಲ್ಲಿ ಹುಟ್ಟಿದ ಚಿಲಿಯ ಕೊಲೊ-ಕೊಲೊ ಫುಟ್‌ಬಾಲ್ ಕ್ಲಬ್ಬಿಗೆ ಒಬ್ಬ ಮಾಪುಚೆ ಲೊಂಕೊನ ಹೆಸರಿಟ್ಟಿದ್ದಾರೆ; ಅಭಿಮಾನಿಗಳು ಕರೆಯುವುದು ಮಾತ್ರ ‘ಎಲ್ ಕಸೀಕೆ’. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕಸೀಕೆ ಎಂಬ ಹಕ್ಕಿಗಳೂ ಇವೆ, ಕಪ್ಪು ಮೈ, ಕೆಲವಕ್ಕೆ ಹಳದಿ ಬೆನ್ನು. ನಮ್ಮ ಗೀಜಗನ ಹಾಗೆ ಒಂದೇ ಮರದಲ್ಲಿ ಹತ್ತಾರು ಜೋಳಿಗೆಗೂಡು ನೇತುಹಾಕುತ್ತವೆ, ಎಷ್ಟೋ ಸಲ ಕಣಜದ ಗೂಡಿನ ಪಕ್ಕವೇ.

ಮಗ ರಿಯೊಗೆ ಹೋಗುವುದಿದ್ದರೆ ‘ಕಸೀಕಿ ಡಿ ರಾಮೋಸ್’ ಎಲ್ಲಿ ಎಂದು ಕೇಳಲಿ. ರಾಮೋಸ್ ಬಡಾವಣೆಯವರು 1961ರಲ್ಲಿ ಕಟ್ಟಿದ ಕಾರ್ನಿವಲ್ ತಂಡ ಅದು. ಸ್ಥಾಪಕರ ಮನೆಯಲ್ಲಿ ಉಬಿರಾಜಾರಾ, ಉಬಿರಾನಿ ಎಂಬ ತೂಪಿ ಹೆಸರುಗಳಿದ್ದುದರಿಂದ ತಂಡಕ್ಕೂ ಆ ಹೆಸರು ಬಂತು. ಬ್ಯಾಂಜೊ, ಕೈಯಲ್ಲಿ ಬಡಿಯುವ ತಾನ್‌ತಾನ್ ಎಂಬ ಡೋಲು ಸೇರಿದ ಹೊಸ ಬಗೆಯ ಸಾಂಬಾ ಇವರ ಅಂಗಳದಲ್ಲಿ ಬೆಳೆಯಿತು. ಆ ಅಂಗಳದಲ್ಲಿ ಅವರೆಲ್ಲ ಭಕ್ತಿಯಿಂದ ನೋಡುವ ಒಂದು ದೊಡ್ಡ ಮರವಿದೆ. ಅದರ ಕೆಳಗೇ ಕೂತು ಹಾಡುತ್ತಾರೆ. ಹತ್ತಿರ ಹೋಗಿ ಎಲೆ ನೋಡಿದರೆ ದಾವಣಗೆರೆಯವನಿಗೆ ಯಾರೂ ಹೇಳಬೇಕಿಲ್ಲ, ಹುಣಸೆಮರ.